ತಾಲೀಮು

“ಒಳ್ಳೆಯ ಲೋಕ ಹೇಗಿರಬೇಕು? ಎಲ್ಲರೂ ಕೂಡಿ ಕಲ್ಪಿಸಿಕೊಳ್ಳಿ. ಅದನ್ನೇ ನಾಟಕ ಮಾಡೋಣ,” ಎಂದರು ಬೀದಿಗೆ ಬಂದ ನಿರ್ದೇಶಕರು.

ಗಂಡಸರು ತಲೆ ಕೆರೆದುಕೊಂಡರು. ಬಾರಿನಲ್ಲಿ ರೇಟು ಇಳಿಯಬೇಕು ಎಂದನೊಬ್ಬ. ಹೆಂಗಸರಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

“ಆ ಲೋಕದಲ್ಲಿ ಅಡುಗೆ, ಮುಸುರೆ ಎಲ್ಲಾ ಗಂಡಸರದ್ದೇ ಸಾರ್,” ಎಂದಳು ಸಾಕಮ್ಮ.

“ಭೇಷ್! ತಾಲೀಮು ನಿಜವಾದ ಅಡುಗೆಮನೆಯಲ್ಲೇ ನಡೀಬೇಕು. ಎಲ್ಲರೂ ಒಪ್ಪಿದ ಮೇಲೇ ಪ್ರದರ್ಶನ. ಕಲೆ ಅಂದ್ರೆ ತಪಸ್ಸು!”

ತಪಸ್ಸು ಶುರುವಾಯಿತು. ಸಾಕಮ್ಮನ ಗಂಡ ಚನ್ನಂಜಪ್ಪ ಬೆಳಗ್ಗೆ ಮುದ್ದೆ ತಿರುವಿದ, ಸಂಜೆ ಮುಸುರೆ ತಿಕ್ಕಿದ. ಹೆಂಗಸರು ಜಗಲಿಯಲ್ಲಿ ಕಾಲು ಚಾಚಿ ಕೂತು, “ಮುದ್ದೇಲಿ ಗಂಟು ಉಳೀತು, ಇನ್ನೊಂದ್ಸಲ!” ಎಂದು ತಿದ್ದಿದರು. ಒಂದು ಭಾನುವಾರ ನಿರ್ದೇಶಕರ ಹೆಂಡತಿಯೂ ಬಂದು, ಅವರ ಪಕ್ಕದಲ್ಲೇ ಕೂತು, ಚನ್ನಂಜಪ್ಪ ಮಾಡಿದ ಕಾಫಿ ಎರಡು ಲೋಟ ಕುಡಿದು ಹೋದರು.

ಯುಗಾದಿಗೆ ಎಂದಿದ್ದ ಪ್ರದರ್ಶನ ಗೌರಿ ಹಬ್ಬಕ್ಕೆ ಹೋಯಿತು, ಅಲ್ಲಿಂದ ದೀಪಾವಳಿಗೆ. ಪ್ರತಿ ಸಲವೂ ಹೆಂಗಸರು ಒಪ್ಪಲಿಲ್ಲ. ಕೊನೆಗೆ ನಿರ್ದೇಶಕರು ಸಿಟ್ಟಿನಿಂದ ಸಾಕಮ್ಮನ ಮನೆಗೇ ಬಂದರು.

“ಇನ್ನೇನ್ರೀ ಬಾಕಿ? ಚನ್ನಂಜಪ್ಪ ಎಷ್ಟು ಚೆನ್ನಾಗಿ ಮಾಡ್ತಾನೆ!”

“ಎಂಜಲು ತಟ್ಟೆ ಕಂಡ್ರೆ ಈಗ್ಲೂ ಮುಖ ಗಂಟು ಹಾಕ್ತಾರೆ ಸಾರ್. ಭಾವ ಬಂದಿಲ್ಲ.”

“ಭಾವ ಹಾಳಾಗ್ಲಿ! ಶನಿವಾರ ನಾಟಕ ಆಗ್ಲೇಬೇಕು. ರಂಗಮಂದಿರ ಬುಕ್ ಮಾಡಿದೀನಿ.”

“ಅದನ್ನ ನಿಮ್ಮ ಮನೆಯವರು ಬೆಳಗ್ಗೇನೇ ಕ್ಯಾನ್ಸಲ್ ಮಾಡಿಸಿದ್ರಂತೆ, ಅವರೇ ಫೋನ್ ಮಾಡಿದ್ರು,” ಎನ್ನುತ್ತ ಸಾಕಮ್ಮ ಈರುಳ್ಳಿ ಬುಟ್ಟಿಯನ್ನು ಅವರ ಕೈಗಿಟ್ಟಳು. “ನಿಮಗೂ ಒಂದು ಪಾರ್ಟು ಕೊಡ್ಬೇಕಂತೆ ಸಾರ್.”