ದೋಟಿಯ ತುದಿ

"ಮತ್ತೆ ತಪ್ಪಿತು," ಎಂದರು ಡಾ. ರೋಹಿಣಿ. ಶಿರಸಿಯ ಆ ಆಸ್ಪತ್ರೆಗೆ ಎಕ್ಸ್‌ರೇ ಟಿವಿ ಬಂದು ವಾರವಾಗಿತ್ತಷ್ಟೇ. ಕೆರಿಯಪ್ಪನ ಮುರಿದ ತೊಡೆಮೂಳೆಯೊಳಗೆ ಕೂರಿಸಿದ ಸರಳಿನಲ್ಲಿ ತಿರುಪು ಹಾಕಬೇಕಾದ ತೂತು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಡ್ರಿಲ್ಲಿನ ಮೊನೆ ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. ಇನ್ನೊಮ್ಮೆ ತಪ್ಪಿದರೆ ಮೂಳೆ ಸೀಳಬಹುದು. ರೋಹಿಣಿ ಟಿವಿ ನೋಡಿದರು, ಕೈ ನೋಡಿಕೊಂಡರು, ಮತ್ತೆ ಟಿವಿ ನೋಡಿದರು.

ಬೆನ್ನಿಗೆ ಕೊಟ್ಟ ಚುಚ್ಚುಮದ್ದಿನಿಂದ ಕೆರಿಯಪ್ಪನಿಗೆ ಸೊಂಟದ ಕೆಳಗಷ್ಟೇ ಮರಗಟ್ಟಿತ್ತು. ಮೂವತ್ತು ವರ್ಷ ಅಡಿಕೆ ಕೊನೆ ಕೊಯ್ದ ಅವನು ಮಲಗಿದಲ್ಲಿಂದಲೇ ಅವರ ಕಣ್ಣು ಓಡಾಡುವುದನ್ನು ಗಮನಿಸುತ್ತಿದ್ದ.

"ಅಮ್ಮಾ, ಒಂದು ಮರದಲ್ಲಿ ಕೂತು ಪಕ್ಕದ ಮರದ ಅಡಿಕೆ ಕೊನೆಗೆ ಉದ್ದನೆ ದೋಟಿ ಕೋಲು ಹಾಕುವಾಗ ನಾವು ಕೈ ನೋಡೂದಿಲ್ಲ. ತುದಿಯ ಕೊಕ್ಕೆ ನೋಡ್ತೇವೆ. ಕೈ ತಾನೇ ಹೋಗ್ತದೆ."

"ಸುಮ್ನಿರೋ," ನರ್ಸ್ ಗದರಿದಳು.

ರೋಹಿಣಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಸಿಸ್ಟರ್, ಆ ಹಸಿರು ಬಟ್ಟೆ ತಗೊಳ್ಳಿ. ನನ್ನ ಕೈ ಮುಚ್ಚಿ."