ಎಳ್ಳು ಹೊಲದ ಚಿಟ್ಟೆ

ಇವತ್ತು ನಂಜನಗೂಡಿನ ಮನೆಯಲ್ಲಿ ಜೇನುತುಪ್ಪದ ಸೀಸೆ ತೆರೆದೆ, ಮೇಣದ ವಾಸನೆ ಬಡಿದು ಕೈ ಅಲ್ಲೇ ನಿಂತಿತು.

ನಾನಿನ್ನೂ ಚಿಕ್ಕವಳು, ತಿ. ನರಸೀಪುರದ ಹತ್ತಿರದ ನಮ್ಮೂರಿನಲ್ಲಿ ಅಂದು ಹಿರಿಯರ ಹಬ್ಬ. ತೀರಿಹೋದ ತಾತನಿಗೆ ನಡುಮನೆಯಲ್ಲಿ ಎಡೆ ಇಟ್ಟಿದ್ದರು. ಹೊಸ ಪಂಚೆ, ವಡೆ, ಪಾಯಸ, ಜೊತೆಗೆ ತಾತನಿಗೆ ಇಷ್ಟವೆಂದು ಚಿಕ್ಕಪ್ಪ ಮರ ಹತ್ತಿ ಕಿತ್ತು ತಂದಿದ್ದ ಹೆಜ್ಜೇನಿನ ಹುಟ್ಟು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂತೆವು. ಆ ಮಧ್ಯಾಹ್ನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಒಳಗೆ ಏನೋ ಕಿರ್ರೆಂದು ಕೂಗಿತು.

"ಬಂದವ್ರೆ, ಸುಮ್ಕಿರಿ," ಎಂದಳು ಅಜ್ಜಿ.

ಬಾಗಿಲು ತೆರೆದರೆ ಹುಟ್ಟಿನ ಮೇಲೆ ಅಂಗೈಯಗಲದ ಕಂದು ಚಿಟ್ಟೆ ಕೂತಿತ್ತು. ಅದರ ಬೆನ್ನ ಮೇಲೆ ಹಳದಿ ರೋಮದಲ್ಲಿ ತಲೆಬುರುಡೆಯಂಥ ಗುರುತು. ಚಿಕ್ಕಪ್ಪ ಹಿಡಿದಾಗ ಮುಷ್ಟಿಯೊಳಗಿಂದ ಮತ್ತೆ ಅದೇ ಕೂಗು.

"ಎಳ್ಳೊಲದ ಚಿಟ್ಟೆ ಕಣವ್ವ. ಉಳ ಆಗಿದ್ದಾಗ ಎಳ್ಳಿನ ಸೊಪ್ಪು ತಿಂತದೆ, ರೆಕ್ಕೆ ಬಂದ್ಮೇಲೆ ಗೂಡಿಗೆ ನುಗ್ಗಿ ಜೇನು ಕದೀತದೆ. ಜೇನ್ನೊಣದ ವಾಸ್ನೆನೇ ಮೈಗೆ ಬಳ್ಕಂಡಿರ್ತದೆ, ಅವು ಕಚ್ಚಾಕಿಲ್ಲ," ಎಂದ ಚಿಕ್ಕಪ್ಪ ಅಜ್ಜಿಗೆ.

ಅಜ್ಜಿ ಚಿಟ್ಟೆಯನ್ನು ನೋಡಲಿಲ್ಲ, ಮಗನನ್ನೇ ನೋಡುತ್ತಿದ್ದಳು.

"ಇನ್ನು ಜೇನು ಕೀಳಾಕೆ ಓಗಬ್ಯಾಡ ಕಣ್ಲಾ."

"ನನ್ನೂ ಕಚ್ಚಾಕಿಲ್ಲ ಬುಡವ್ವ," ಎಂದು ಚಿಕ್ಕಪ್ಪ ನಕ್ಕ. ಚಿಟ್ಟೆಯನ್ನು ಕಿಟಕಿಯಾಚೆ ಬಿಟ್ಟು, ಅಂಗೈಗೆ ಅಂಟಿದ್ದ ರೆಕ್ಕೆಯ ಪುಡಿಯನ್ನು ನನ್ನ ಲಂಗಕ್ಕೆ ಒರೆಸಿದ. ಆಮೇಲೆ ವಾಡಿಕೆಯಂತೆ ಎಡೆಯ ಪಂಚೆಯನ್ನು ತಾನೇ ಉಟ್ಟ.

ಮರುವರ್ಷ ಎಡೆಯಲ್ಲಿ ಎರಡು ಪಂಚೆಗಳಿದ್ದವು, ತಾತನದೊಂದು, ಚಿಕ್ಕಪ್ಪನದೊಂದು. ಇಬ್ಬರಿಗೂ ಇಷ್ಟವಾದ ಜೇನನ್ನು ಮಾತ್ರ ಅಜ್ಜಿ ಹೊಸಿಲು ದಾಟಗೊಡಲಿಲ್ಲ.