ಮೊಣಕಾಲಿನ ಎಣ್ಣೆ

ಊರಿನ ಮುದುಕರಲ್ಲಿ ಅರ್ಧ ಜನರಿಗಿದ್ದಂತೆ ನೀಲವ್ವನ ಮೊಣಕಾಲುಗಳೂ ಯಂತ್ರದವು. ಮಳೆಗಾಲಕ್ಕೆ ಮೊದಲೊಮ್ಮೆ, ಚಳಿಗೆ ಮೊದಲೊಮ್ಮೆ ಅವುಗಳ ಎಣ್ಣೆ ಬದಲಿಸಬೇಕು. ಗಂಡ ಚನ್ನಬಸಪ್ಪ ಅದನ್ನು ಮನೆಯಲ್ಲೇ ಮಾಡುತ್ತಿದ್ದ. ಕಟ್ಟೆಯ ಮೇಲೆ ಕೂತು, ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ತಿರುಪು ಬಿಚ್ಚಿ ಕಪ್ಪು ಎಣ್ಣೆಯನ್ನು ಬಟ್ಟಲಿಗಿಳಿಸಿ ಹೊಸದನ್ನು ತುಂಬುವನು. ಅಷ್ಟು ಹೊತ್ತೂ ಅವಳು ಮಾತಾಡುತ್ತಲೇ ಇರುವಳು. ಬೇರೆ ದಿನ ಇಬ್ಬರದೂ ಮಾತು ಕಡಿಮೆ.

ಈ ಸಲ ಮಳೆಗೆ ಮುಂಚೆ ಅವನ ಕೈ ನಡುಗಿ ಅರ್ಧ ಎಣ್ಣೆ ನೆಲಕ್ಕೆ ಚೆಲ್ಲಿತು. ಅವಳು ಬೀದಿಯತ್ತ ನೋಡುತ್ತಿದ್ದುದರಿಂದ ಗಮನಿಸಲಿಲ್ಲ. ಅವನು ಬೇಗ ಒರೆಸಿದ.

“ಇನ್ನ ಮೊಣಕಾಲು ಕೂಡಿಸಿದ ಕಂಪನಿಯವರ ಕಡೆನ ಮಾಡಿಸೋಣು” ಎಂದ.

“ಯಾಕ್ರೀ, ಬ್ಯಾಸರಾತೇನು?”

ಕೈ ನಡುಗುತ್ತದೆ ಎನ್ನಲು ನಾಚಿಕೆಯಾಗಿ, “ಹೂಂ” ಅಂದುಬಿಟ್ಟ.

ಕಂಪನಿಯಲ್ಲಿ ಕೈಗವಸಿನ ಹುಡುಗಿಯೊಬ್ಬಳು ಬೇಗನೆ, ಅಚ್ಚುಕಟ್ಟಾಗಿ ಕೆಲಸ ಮುಗಿಸಿದಳು. ನೀಲವ್ವ ಗೋಡೆಯ ಟೀವಿ ನೋಡುತ್ತ ಸುಮ್ಮನಿದ್ದಳು.

ಹೊರಗೆ ಬಂದಾಗ, “ಭಾಳ ಛಲೋ ಮಾಡ್ಯಾರ. ಇಷ್ಟು ವರ್ಷ ನಿಮಗ ಸುಮ್ಮನ ತ್ರಾಸು ಕೊಟ್ಟೆ. ಮೊದಲ ಹೇಳಬಾರದಾಗಿತ್ತೇನು?” ಎಂದಳು.

ಅವನು ಕೈಗಳನ್ನು ಜೇಬಿಗಿಳಿಸಿ ನಡೆದ.

ಚಳಿಗೆ ಮುಂಚೆ ಅವನು ಚಪ್ಪಲಿ ಮೆಟ್ಟಲು ಏಳುವಷ್ಟರಲ್ಲಿ ಅವಳು, “ನೀವು ಆರಾಮ ಕೂಡ್ರಿ. ಬಾಜೂ ಮನಿ ಗಂಗವ್ವನ ಜೋಡಿ ಹೋಗಿಬರ್ತೀನಿ” ಎಂದಳು.

ಅವನು ಬಗ್ಗಿ ಚಪ್ಪಲಿಗಳನ್ನು ಮತ್ತೆ ಮೂಲೆಗೆ ಸರಿಸಿಟ್ಟ. “ನೀಲಾ, ನನಗ ಬ್ಯಾಸರಾಗಿರಲಿಲ್ಲ” ಎಂದು ಹೇಳಿ ಅವನು ತಿರುಗಿ ನೋಡಿದ. ಸದ್ದಿಲ್ಲದ ಮೊಣಕಾಲುಗಳಲ್ಲಿ ಮೆಟ್ಟಿಲಿಳಿದು ಅವಳು ಆಗಲೇ ಬೀದಿಯ ತಿರುವು ದಾಟಿದ್ದಳು.